ಮುಕ್ತಪ್ರವೇಶ ವಿದ್ವತ್ಪತ್ರಿಕೆಗಳ ಚಿರರಕ್ಷಣ ವಿಚಾರ

೧. ವಿಷಯಪ್ರವೇಶ

ಹಣ ಕೊಟ್ಟವರು, ಕೊಡದವರು ಎಂಬ ಭೇದವಿಲ್ಲದೆ ಎಲ್ಲರೂ ಅಂತರ್ಜಾಲದಲ್ಲಿ ಓದಬಹುದಾದಂತೆ ವಿದ್ವಾಂಸರ ಲೇಖನಗಳನ್ನು ಪ್ರಕಟಿಸುವ ಪದ್ಧತಿಗೆ ಮುಕ್ತಪ್ರವೇಶವೆಂದು ಹೆಸರು. ೨೦೦೨ನೆಯ ಇಸವಿಯಲ್ಲಿ ಹೊರಬಿದ್ದ ಬುಡಾಪೆಸ್ಟ್ ಘೋಷಣೆಯು ಈ ಪದ್ಧತಿಯ ಲಕ್ಷಣವನ್ನು ಸ್ಪಷ್ಟವಾಗಿ ನಿರೂಪಿಸಿತು. ಅದರ ಪ್ರಕಾರ, ಲೇಖನವನ್ನು ಓದುವುದಕ್ಕೆ ಮಾತ್ರವಲ್ಲದೆ ಇಳಿಸಿಕೊಳ್ಳುವುದಕ್ಕೂ, ಪ್ರತಿಮಾಡುವುದಕ್ಕೂ, ಹಂಚುವುದಕ್ಕೂ ಓದುಗನಿಗೆ ಸ್ವಾತಂತ್ರ್ಯವಿರತಕ್ಕದ್ದು; ಕೃತಿಯ ಅಖಂಡತೆಗೆ ಭಂಗ ಬರಬಾರದು, ಕರ್ತೃವಿನ ಹೆಸರನ್ನು ತಪ್ಪದೆ ಹೇಳಬೇಕು ಎಂಬಿಷ್ಟೇ ಕಟ್ಟುಪಾಡು. ವಿದ್ಯೆಯನ್ನು ವಿಕ್ರಯಿಸಬಾರದೆಂಬ ಹಳೆಯ ಮರ್ಯಾದೆಯನ್ನು ಬಲ್ಲವರಿಗೆ ಇದರ ತತ್ತ್ವವು ಹೊಸದಾಗಿ ತೋರಲಾರದು.

ಮುಕ್ತವಾದುದರಿಂದ ಲೇಖನವು ಹೆಚ್ಚು ಜನರ ಕೈಗೆ ಸೇರುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಂದು ಕೈಗೆ ಸೇರುವುದು ಬೇರೆ, ಕಾಲಾಂತರದಲ್ಲಿ ಉಳಿದಿರುವುದು ಬೇರೆ. ಒಮ್ಮೆ ಅಂತರ್ಜಾಲಕ್ಕೆ ಏರಿದುದು ಎಂದೆಂದಿಗೂ ಅಲ್ಲಿಯೇ ಇರುವುದೆಂಬ ನಂಬಿಕೆ ವಿದ್ವಾಂಸರಲ್ಲಿಯೂ ಬೇರೂರಿದೆ. ಈ ನಂಬಿಕೆಗೆ ಆಧಾರವಿಲ್ಲವೆಂಬುದು ಯೂರೋಪಿನ ಮೂವರು ವಿದ್ವಾಂಸರು ನಡೆಸಿ ೨೦೨೧ರಲ್ಲಿ ಪ್ರಕಟಿಸಿದ ಶೋಧನೆಯಿಂದ ಸ್ಥಾಪಿತವಾಗಿದೆ. ೨೦೦೦ದಿಂದ ೨೦೧೯ರ ವರೆಗೆ ಅಂತರ್ಜಾಲದಿಂದ ಕಣ್ಮರೆಯಾದ ೧೭೪ ಮುಕ್ತಪ್ರವೇಶ ಪತ್ರಿಕೆಗಳನ್ನು ಅವರು ಗುರುತಿಸಿದರು. ಇವು ಯಾವುದೋ ಒಂದು ದೇಶದವಲ್ಲ, ಯಾವುದೋ ಒಂದು ಶಾಸ್ತ್ರಕ್ಕೆ ಸೇರಿದುವೂ ಅಲ್ಲ. ಪ್ರಕೃತಿವಿಜ್ಞಾನಗಳ ಪತ್ರಿಕೆಗಳಿಗಿಂತ ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರ ಮೊದಲಾದ ವಿಷಯಗಳ ಪತ್ರಿಕೆಗಳೇ ಇವುಗಳಲ್ಲಿ ತುಸು ಹೆಚ್ಚಾಗಿದ್ದುವೆಂಬುದನ್ನು ಸಾಹಿತ್ಯದ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು.

ಕನ್ನಡದಲ್ಲಿ 'ಉಳಿ' ಎಂಬ ಧಾತುವೂ 'ಉಳಿಸು' ಎಂಬ ಅದರ ಪ್ರೇರಣಾರ್ಥಕ ರೂಪವೂ ಉಂಟು. ಮೊದಲನೆಯದಕ್ಕೆ ವಸ್ತುವೇ ಕರ್ತೃ. ಎರಡನೆಯದಕ್ಕೆ ವಸ್ತುವಿನಿಂದ ಬೇರೆಯಾದ ಕರ್ತೃವೊಬ್ಬನು ಬೇಕು. ಕಲ್ಲಿನ ಶಾಸನ ಉಳಿಯುತ್ತದೆ. ಓಲೆಯ ಗ್ರಂಥವೂ ಒಂದು ಮಿತಿಯವರೆಗೆ ಉಳಿಯುತ್ತದೆ. ಡಿಜಿಟಲ್ ಲೇಖನವನ್ನಾದರೋ ಉಳಿಸಬೇಕು. ಉಳಿಸುವ ಕರ್ತೃ ಯಾರು, ಅವನಿಗಿರುವ ಉಪಾಯಗಳೇನು, ಆ ಉಪಾಯಗಳು ಎಷ್ಟರಮಟ್ಟಿಗೆ ನಡೆಯುತ್ತಿವೆ ಎಂಬ ಮೂರು ಅಂಶಗಳೇ ಇಲ್ಲಿ ವಿಚಾರಾರ್ಹವಾದುವು.

೨. ಅಚ್ಚಿನ ಪತ್ರಿಕೆಗಳು ಉಳಿದ ಬಗೆ

ಅಚ್ಚಿನ ಪತ್ರಿಕೆಗಳ ವಿಷಯದಲ್ಲಿ ರಕ್ಷಣೆಯು ಬೇರೊಂದು ಕಾರ್ಯದ ಜೊತೆಯಲ್ಲಿ ಆನುಷಂಗಿಕವಾಗಿ ನೆರವೇರುತ್ತದೆ. ಪತ್ರಿಕೆಯ ಪ್ರತಿಗಳು ಅಚ್ಚಾಗಿ, ಕಾಲೇಜುಗಳಿಗೂ ಗ್ರಂಥಭಂಡಾರಗಳಿಗೂ ಚಂದಾದಾರರ ಮನೆಗಳಿಗೂ ಹೋಗುತ್ತವೆ. ಅವನ್ನು ತರಿಸಿದವರು ತಾವು ರಕ್ಷಕರೆಂದು ಭಾವಿಸಿ ತರಿಸಿದವರಲ್ಲ. ಓದುವುದಕ್ಕೆ ತರಿಸಿದರು, ಓದಿ ಕಪಾಟಿನಲ್ಲಿಟ್ಟರು, ಅಷ್ಟೆ. ಆದರೂ ಮುಂದೆ ಪತ್ರಿಕೆ ನಿಂತುಹೋದರೂ, ಸಂಪಾದಕರು ಕಾಲವಾದರೂ, ಮುದ್ರಣಾಲಯ ಮುಚ್ಚಿಹೋದರೂ, ಒಂದು ಊರಿನಲ್ಲಿ ಗೆದ್ದಲು ತಿಂದ ಸಂಚಿಕೆಯು ಮತ್ತೊಂದು ಊರಿನಲ್ಲಿ ದೊರೆಯುತ್ತದೆ. ಪ್ರತಿಗಳು ಹಲವು, ಒಡೆಯರು ಹಲವರು, ಸ್ಥಳಗಳು ಹಲವು ಎಂಬ ಈ ಮೂರೇ ಅವುಗಳ ಉಳಿವಿಗೆ ಕಾರಣ.

ಹಸ್ತಪ್ರತಿಗಳ ಕಾಲದಲ್ಲಿಯೂ ಹೆಚ್ಚುಕಡಮೆ ಹೀಗೆಯೇ. ಕೌಟಿಲ್ಯನ ಅರ್ಥಶಾಸ್ತ್ರವು ಹೆಸರಿನಿಂದ ಮಾತ್ರ ತಿಳಿದಿದ್ದು, ಗ್ರಂಥ ದೊರೆಯದೆ ಇದ್ದಿತು. ೧೮೯೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದ ಓಲೆಗಳಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಅದನ್ನು ಗುರುತಿಸಿ, ೧೯೦೯ರಲ್ಲಿ ಅಚ್ಚುಹಾಕಿಸಿದರು. ಆ ಓಲೆಗಳು ಅಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಇದ್ದರೂ, ತೆರೆದ ದಿನ ಅಕ್ಷರ ಬಲ್ಲ ಪಂಡಿತನಿಗೆ ಓದುವುದಕ್ಕಾಯಿತು. ಓಲೆಯು ಅಲಕ್ಷ್ಯವನ್ನು ಬಹುಮಟ್ಟಿಗೆ ಸಹಿಸಿತು. ಗಣಕಯಂತ್ರದ ತಟ್ಟೆಯ ಮೇಲೆ ಬರೆದ ಕಡತವು ಅಂತಹ ಅಲಕ್ಷ್ಯವನ್ನು ಕೆಲವೇ ವರ್ಷಗಳ ಮಟ್ಟಿಗೂ ಸಹಿಸುವುದು ಕಷ್ಟ.

ಪತ್ರಿಕೆಗಳು ಅಂತರ್ಜಾಲಕ್ಕೆ ಏರಿದ ಮೇಲೆ ಈ ಆನುಷಂಗಿಕ ರಕ್ಷಣೆ ಕಳಚಿಹೋಯಿತು. ಗ್ರಂಥಭಂಡಾರವು ಈಗ ಕೊಳ್ಳುವುದು ಪ್ರತಿಯನ್ನಲ್ಲ, ಪ್ರಕಾಶಕನ ಯಂತ್ರದಲ್ಲಿರುವುದನ್ನು ನೋಡುವ ಹಕ್ಕನ್ನು. ಚಂದಾ ನಿಂತರೆ ಹಕ್ಕೂ ನಿಂತಿತು. ಪ್ರಕಾಶಕನೇ ಹೋದರೆ ವಸ್ತುವೂ ಹೋಯಿತು. ಹಣ ತೆತ್ತ ಗ್ರಂಥಭಂಡಾರಗಳು ಇದನ್ನು ಕಂಡು ಚಿಂತಿತವಾಗಿ, ತೆತ್ತ ಹಣಕ್ಕೆ ಶಾಶ್ವತವಾದ ಭದ್ರತೆಯನ್ನು ಕೇಳತೊಡಗಿದುವು. ಮುಂದೆ ಹೇಳತಕ್ಕ ರಕ್ಷಣವ್ಯವಸ್ಥೆಗಳು ಹುಟ್ಟಿಕೊಂಡುದು ಬಹುಮಟ್ಟಿಗೆ ಈ ಒತ್ತಾಯದಿಂದ.

ಮುಕ್ತಪ್ರವೇಶ ಪತ್ರಿಕೆಯ ವಿಷಯದಲ್ಲಾದರೋ ಈ ಒತ್ತಾಯಕ್ಕೂ ಅವಕಾಶವಿಲ್ಲ. ಅದಕ್ಕೆ ಯಾರೂ ಹಣ ತೆರುವುದಿಲ್ಲ. ಆದಕಾರಣ ಭದ್ರತೆಯನ್ನು ಕೇಳುವ ಹಕ್ಕುದಾರರೂ ಇಲ್ಲ. ಯಾರು ಬೇಕಾದರೂ ಪ್ರತಿಮಾಡಿ ಇಟ್ಟುಕೊಳ್ಳಬಹುದೆಂದು ಅನುಮತಿಯಿದೆ. ಅದೇ ಕಾರಣದಿಂದ ಬೇರೆ ಯಾರೋ ಇಟ್ಟುಕೊಂಡಿರುವರೆಂದು ಪ್ರತಿಯೊಬ್ಬರೂ ನಂಬಿ ಸುಮ್ಮನಿರುತ್ತಾರೆ. ಊರಿನ ಕೆರೆಯ ನೀರನ್ನು ಎಲ್ಲರೂ ಬಳಸುತ್ತಾರೆ. ಹೂಳೆತ್ತುವ ದಿನ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಮುಕ್ತಪ್ರವೇಶದ ಲೇಖನಗಳ ಸ್ಥಿತಿಯೂ ಇದೇ.

೩. ನಾಶದ ಮೂರು ಬಗೆಗಳು

ಓಲೆಗೆ ಎಣ್ಣೆ, ನೀರು, ಗೆದ್ದಲು, ಸಡಿಲವಾದ ಕಟ್ಟು ಇವು ಶತ್ರುಗಳೆಂಬುದು ಎಲ್ಲರಿಗೂ ತಿಳಿದಿದೆ. ಡಿಜಿಟಲ್ ಲೇಖನದ ಶತ್ರುಗಳನ್ನು ಮೂರು ವರ್ಗಗಳಾಗಿ ವಿಭಾಗಿಸಬಹುದು.

ಮೊದಲನೆಯದು ವಸ್ತುನಾಶ. ಕಡತವೆಂಬುದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳ ಒಂದು ಉದ್ದವಾದ ಸಾಲು. ಅದನ್ನು ಧರಿಸಿರುವ ತಟ್ಟೆ ಕೆಡಬಹುದು. ಕೆಡದೆಯೇ ಅಲ್ಲೊಂದು ಇಲ್ಲೊಂದು ಅಂಕೆ ಮಾತ್ರ ಯಾರಿಗೂ ತಿಳಿಯದಂತೆ ಪಲ್ಲಟವಾಗಬಹುದು. ಓಲೆಯಲ್ಲಿ ಒಂದು ಅಕ್ಷರ ಮುಕ್ಕಾದರೆ ಉಳಿದ ಸಾಲು ಓದುವುದಕ್ಕೆ ಬರುತ್ತದೆ. ಒತ್ತಿ ಕಿರಿದುಮಾಡಿದ ಕಡತದಲ್ಲಿ ಒಂದು ಅಂಕೆ ಕೆಟ್ಟರೆ ಕೆಲವು ಸಲ ಇಡೀ ಕಡತವೇ ತೆರೆಯದೆ ಹೋಗುತ್ತದೆ.

ಎರಡನೆಯದು ಅರ್ಥನಾಶ. ಅಂಕೆಗಳೆಲ್ಲವೂ ಕ್ಷೇಮವಾಗಿದ್ದು, ಅವನ್ನು ಅಕ್ಷರವಾಗಿ ತಿರುಗಿಸುವ ಸಂಕೇತವು ಮರೆತುಹೋಗುವುದು ಇದರ ಸ್ವರೂಪ. ಕನ್ನಡದವರಿಗೆ ಇದು ಅನುಭವಸಿದ್ಧವಾದ ವಿಷಯ. ಯೂನಿಕೋಡ್ ಎಂಬ ಸರ್ವಲಿಪಿಸಂಕೇತವು ೧೯೯೧ರಲ್ಲಿಯೇ ಕನ್ನಡಕ್ಕೆ ಸ್ಥಾನವನ್ನು ಕೊಟ್ಟಿದ್ದರೂ, ಅನಂತರ ಬಹುಕಾಲ ಕನ್ನಡದ ಪುಟಗಳು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದುವು. ಆ ಫಾಂಟುಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿರುತ್ತಾರೆ. ಫಾಂಟು ಇದ್ದ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲ. ಫಾಂಟನ್ನು ಒಳಗೇ ಅಡಕಮಾಡಿದ ಪಿಡಿಎಫ್ ಕಡತವು ಕಣ್ಣಿಗೆ ಸರಿಯಾಗಿ ಕಂಡರೂ, ಅದರಲ್ಲಿ ಒಂದು ಪದವನ್ನು ಹುಡುಕಹೊರಟರೆ ಸಿಕ್ಕದು. ಒಂದು ಸಾಲನ್ನು ಎತ್ತಿಕೊಂಡರೆ ಗೊಂದಲವೇ ಕೈಗೆ ಬರುವುದು. ಹೀಗೆ ಕಣ್ಣಿಗೆ ಕನ್ನಡವಾಗಿಯೂ ಯಂತ್ರಕ್ಕೆ ಕನ್ನಡವಲ್ಲದೆಯೂ ಇರುವ ಲೇಖನಗಳು ಎಷ್ಟೋ ಉಂಟು.

ಮೂರನೆಯದು ಆಶ್ರಯನಾಶ. ಮೂರರಲ್ಲಿಯೂ ಇದೇ ಪ್ರಬಲವಾದುದು. ಜಾಲತಾಣದ ಹೆಸರಿಗೆ ಕಾಲಕಾಲಕ್ಕೆ ಶುಲ್ಕ ಕಟ್ಟಬೇಕು, ಸರ್ವರಿಗೆ ಬಾಡಿಗೆ ಕೊಡಬೇಕು, ತಂತ್ರಾಂಶವನ್ನು ನವೀಕರಿಸುತ್ತಿರಬೇಕು. ಉತ್ಸಾಹಿಯಾದ ಅಧ್ಯಾಪಕರೊಬ್ಬರು ಆರಂಭಿಸಿದ ಪತ್ರಿಕೆಯಲ್ಲಿ ಇವೆಲ್ಲವೂ ಅವರೊಬ್ಬರ ಮೇಲೆಯೇ ನಿಂತಿರುತ್ತವೆ. ಅವರು ನಿವೃತ್ತರಾದರೆ, ವಿಶ್ವವಿದ್ಯಾನಿಲಯವು ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟಿಸಿದರೆ, ಒಂದು ಅನುದಾನ ಮುಗಿದರೆ, ಪತ್ರಿಕೆಯು ಯಾರ ದ್ವೇಷವೂ ಇಲ್ಲದೆ ಸದ್ದಿಲ್ಲದೆ ಅಳಿಯುತ್ತದೆ.

ಇಲ್ಲಿ ಡಿಒಐ ಎಂಬ ಗುರುತುಸಂಖ್ಯೆಯ ವಿಷಯವಾಗಿ ಒಂದು ಭ್ರಾಂತಿಯನ್ನು ಹೋಗಲಾಡಿಸಬೇಕು. ವಿದ್ವತ್ಪತ್ರಿಕೆಗಳಿಗೆ ಈ ಸಂಖ್ಯೆಗಳನ್ನು ನೋಂದಾಯಿಸಿಕೊಡುವ ಕ್ರಾಸ್‌ರೆಫ್ ಸಂಸ್ಥೆಯು ೨೦೦೦ದಲ್ಲಿ ಆರಂಭವಾಯಿತು. ಸಂಖ್ಯೆಯಿರುವುದರಿಂದ ಲೇಖನವೂ ಇರುವುದೆಂದು ಅನೇಕರು ತಿಳಿಯುತ್ತಾರೆ. ಆದರೆ ಡಿಒಐ ಎಂಬುದು ಹೆಸರು. ಹೆಸರು ಹೆಸರಿಸಲ್ಪಟ್ಟ ವಸ್ತುವನ್ನು ಕಾಯುವುದಿಲ್ಲ. ಲೇಖನದ ವಿಳಾಸ ಬದಲಾದಾಗ ಹೊಸ ವಿಳಾಸವನ್ನು ಯಾರಾದರೂ ದಾಖಲೆಮಾಡಿದರೆ ಮಾತ್ರ ಆ ಹೆಸರು ಓದುಗನನ್ನು ಸರಿಯಾದ ಸ್ಥಳಕ್ಕೆ ಒಯ್ಯುತ್ತದೆ. ಲೇಖನವೇ ಇಲ್ಲದಿದ್ದರೆ, ಮನೆ ಬಿದ್ದುಹೋದ ಮೇಲೂ ಬಾಗಿಲಿನ ಮೇಲಿದ್ದ ಸಂಖ್ಯೆ ಊರಿನ ಪಟ್ಟಿಯಲ್ಲಿ ಉಳಿದಂತೆ ಆಗುತ್ತದೆ. ಲೇಖನಗಳು ಉಲ್ಲೇಖಿಸುವ ಸಾಮಾನ್ಯ ಜಾಲಪುಟಗಳ ಸ್ಥಿತಿಯಂತೂ ಇನ್ನೂ ಕೆಟ್ಟದು: ವಿಜ್ಞಾನ, ತಂತ್ರಜ್ಞಾನ, ವೈದ್ಯ ವಿಷಯಗಳ ಐದು ಲೇಖನಗಳಲ್ಲಿ ಒಂದು ಇಂತಹ ಉಲ್ಲೇಖನಾಶಕ್ಕೆ ತುತ್ತಾಗಿದೆಯೆಂದು ೨೦೧೪ರ ಒಂದು ಶೋಧನೆ ತೋರಿಸಿತು. ಪ್ರಮಾಣವಾಗಿ ಕೊಟ್ಟ ವಾಕ್ಯದ ಮೂಲವೇ ಇಲ್ಲವಾದರೆ, ಮುಂದಿನ ವಿದ್ವಾಂಸನು ಒಪ್ಪುವುದಕ್ಕೂ ಆಗದು, ಖಂಡಿಸುವುದಕ್ಕೂ ಆಗದು. ಶಾಸ್ತ್ರದ ಸರಪಳಿ ಅಲ್ಲಿಗೆ ತುಂಡಾಯಿತೆಂದೇ ಹೇಳಬೇಕು.

೪. ರಕ್ಷಣೆಯ ಉಪಾಯಗಳು

ಈ ನಾಶಗಳಿಗೆ ಪ್ರತೀಕಾರವಾಗಿ ಏರ್ಪಟ್ಟ ವ್ಯವಸ್ಥೆಗಳಲ್ಲಿ ಮೊದಲು ಹೇಳತಕ್ಕದ್ದು ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ೧೯೯೯ರ ಸುಮಾರಿಗೆ ವಿಕಿ ರೈಕ್, ಡೇವಿಡ್ ರೋಸೆಂತಾಲ್ ಎಂಬವರು ರೂಪಿಸಿದ ಲಾಕ್ಸ್ ಎಂಬುದು. ಪ್ರತಿಗಳು ಬಹುವಾಗಿದ್ದರೆ ವಸ್ತು ಕ್ಷೇಮವಾಗಿರುವುದೆಂಬ ಅರ್ಥ ಆ ಹೆಸರಿನ ಮೊದಲಕ್ಷರಗಳಲ್ಲಿಯೇ ಅಡಗಿದೆ. ಅನೇಕ ಗ್ರಂಥಭಂಡಾರಗಳಲ್ಲಿ ಒಂದೊಂದು ಯಂತ್ರವನ್ನಿಟ್ಟು, ಪ್ರತಿಯೊಂದರಲ್ಲಿಯೂ ಅದೇ ಪತ್ರಿಕೆಗಳ ಪ್ರತಿಯನ್ನು ಸಂಗ್ರಹಿಸುವುದು ಇದರ ಕ್ರಮ.

ಸಂಗ್ರಹಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪ್ರತಿಗಳು ಕೆಡದಿರುವುದನ್ನು ಆಗಾಗ ಪರೀಕ್ಷಿಸಬೇಕು. ಇದಕ್ಕೆ ಹ್ಯಾಶ್ ಎಂಬ ಮುದ್ರಾಸಂಖ್ಯೆ ಸಾಧನ. ಕಡತದ ಎಲ್ಲ ಅಂಕೆಗಳನ್ನೂ ಒಂದು ಗಣಿತವಿಧಿಗೆ ಒಳಪಡಿಸಿದಾಗ ಬರುವ ಚಿಕ್ಕ ಸಂಖ್ಯೆಯೇ ಇದು. ಕಡತದಲ್ಲಿ ಒಂದೇ ಒಂದು ಅಂಕೆ ಬದಲಾದರೂ ಮುದ್ರಾಸಂಖ್ಯೆ ಗುರುತು ಸಿಕ್ಕದಂತೆ ಬದಲಾಗುತ್ತದೆ. ಲಾಕ್ಸಿನಲ್ಲಿ ಒಂದು ಯಂತ್ರವು ಉಳಿದವುಗಳಿಗೆ ಹೊಸದೊಂದು ಸಂಖ್ಯೆಯನ್ನು ಕಳುಹಿಸಿ, ಅದನ್ನೂ ಸೇರಿಸಿಕೊಂಡು ಮುದ್ರಾಸಂಖ್ಯೆಯನ್ನು ಲೆಕ್ಕಹಾಕಿ ಹೇಳುವಂತೆ ಕೇಳುತ್ತದೆ. ಹೊಸ ಸಂಖ್ಯೆ ಸೇರುವುದರಿಂದ ಹಿಂದೆ ಬರೆದಿಟ್ಟ ಉತ್ತರವನ್ನು ಒಪ್ಪಿಸಿ ತಪ್ಪಿಸಿಕೊಳ್ಳುವಂತಿಲ್ಲ. ಗುರುವಿನ ಮುಂದೆ ಶಿಷ್ಯನು ಪಾಠವನ್ನು ಒಪ್ಪಿಸುವಂತೆ ಪ್ರತಿಯೊಂದು ಯಂತ್ರವೂ ತನ್ನಲ್ಲಿರುವುದನ್ನು ಮೊದಲಿಂದ ಕೊನೆಯವರೆಗೆ ಓದಲೇಬೇಕು. ಉತ್ತರಗಳು ಕೂಡಿಬಂದರೆ ಸರಿ. ಕೇಳಿದ ಯಂತ್ರದ್ದೇ ಬೇರೆಯಾಗಿದ್ದರೆ ಅದು ಬಹುಮತದ ಪ್ರತಿಯಿಂದ ತನ್ನನ್ನು ತಿದ್ದಿಕೊಳ್ಳುತ್ತದೆ.

ವೇದಪಾಠದ ಕ್ರಮವನ್ನು ಬಲ್ಲವರಿಗೆ ಇದು ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಸಂಹಿತೆಯೊಂದನ್ನೇ ಕಲಿಸಿ ಬಿಡದೆ, ಪದ, ಕ್ರಮ, ಜಟೆ, ಘನ ಎಂದು ಅದೇ ಪದಗಳನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿ ಹೇಳಿಸಿದುದು ಅಧಿಕವಾದ ಅರ್ಥಕ್ಕಾಗಿ ಅಲ್ಲ. ಒಂದು ಪದವಾಗಲಿ ಸ್ವರವಾಗಲಿ ಜಾರಿದರೆ ಕೂಡಲೆ ಪತ್ತೆಯಾಗಲೆಂದು. ಅನುಕ್ರಮಣಿಗಳಲ್ಲಿ ಸೂಕ್ತ, ಮಂತ್ರ ಮೊದಲಾದವನ್ನು ಎಣಿಸಿಟ್ಟುದಕ್ಕೂ ಇಂತಹ ಉಪಯೋಗವುಂಟು. ಆದರೆ ಈ ಸಾದೃಶ್ಯದಲ್ಲಿ ಮುಖ್ಯವಾದುದು ವಿಧಾನವಲ್ಲ, ಅದನ್ನು ನಡೆಸಿದ ಪರಂಪರೆ. ಪಾಠ ಹೇಳುವವನೂ ಕೇಳುವವನೂ ಪ್ರತಿಯೊಂದು ತಲೆಯಲ್ಲಿಯೂ ಇದ್ದುದರಿಂದಲೇ ಆ ವಿಕೃತಿಗಳು ಸಾರ್ಥಕವಾದುವು. ಒಂದು ತಲೆಯಲ್ಲಿ ಪಾಠ ನಿಂತಿದ್ದರೆ ಘನಪಾಠವೂ ಏನನ್ನೂ ಕಾಯುತ್ತಿರಲಿಲ್ಲ.

ಗ್ರಂಥಸಂಪಾದನೆಯನ್ನು ಬಲ್ಲವರು ಇಲ್ಲಿ ಒಂದು ಪ್ರಶ್ನೆಯನ್ನು ಎತ್ತಬಹುದು. ಹತ್ತು ಹಸ್ತಪ್ರತಿಗಳು ಒಂದೇ ಪಾಠವನ್ನು ಕೊಟ್ಟರೂ, ಆ ಹತ್ತೂ ಒಂದೇ ಮಾತೃಕೆಯಿಂದ ಇಳಿದುವಾದರೆ ಅವಕ್ಕೆ ಒಂದೇ ಸಾಕ್ಷಿಯ ಬೆಲೆ. ಇದು ಡಿಜಿಟಲ್ ಪ್ರತಿಗಳಿಗೂ ಸಮನಾಗಿ ಅನ್ವಯಿಸುತ್ತದೆ. ಒಂದೇ ಕಂಪೆನಿಯ ಯಂತ್ರಗಳಲ್ಲಿ ಒಂದೇ ಆಡಳಿತದ ಕೆಳಗೆ ಇಟ್ಟ ಹತ್ತು ಪ್ರತಿಗಳು ಒಂದೇ ಆಜ್ಞೆಯಿಂದ, ಒಂದೇ ಸಾಲದಿಂದ, ಒಂದೇ ದಾಳಿಯಿಂದ ಒಟ್ಟಿಗೆ ಹೋಗಬಹುದು. ಪ್ರತಿಗಳ ಸಂಖ್ಯೆಗಿಂತ ಅವುಗಳ ಸ್ವಾತಂತ್ರ್ಯವೇ ಹೆಚ್ಚು ಮುಖ್ಯವಾದುದು.

ಲಾಕ್ಸಿನ ತಂತ್ರವನ್ನೇ ಆಶ್ರಯಿಸಿ, ಗ್ರಂಥಭಂಡಾರಗಳೂ ಪ್ರಕಾಶಕರೂ ಕೂಡಿ ನಡೆಸುವ ಕ್ಲಾಕ್ಸ್ ಎಂಬ ಸಂಸ್ಥೆ ಉಂಟು. ಅಮೆರಿಕಾ, ಯೂರೋಪ್, ಏಷ್ಯ, ಆಸ್ಟ್ರೇಲಿಯ ಖಂಡಗಳ ೧೨ ಸ್ಥಳಗಳಲ್ಲಿ ಅದರ ಭಂಡಾರಗಳಿವೆ. ಪತ್ರಿಕೆ ಬದುಕಿರುವವರೆಗೆ ಆ ಪ್ರತಿಗಳನ್ನು ಯಾರಿಗೂ ತೋರಿಸುವುದಿಲ್ಲ. ಪತ್ರಿಕೆಯು ಎಲ್ಲಿಯೂ ಸಿಕ್ಕದಂತಾದಾಗ ಮಾತ್ರ ಬಾಗಿಲು ತೆರೆದು ಎಲ್ಲರಿಗೂ ಉಚಿತವಾಗಿ ಒದಗಿಸುತ್ತಾರೆ. ಅಂಗಾಂಗಗಳ ಕಸಿಯನ್ನು ಕುರಿತ ಗ್ರಾಫ್ಟ್ ಎಂಬ ಪತ್ರಿಕೆಯನ್ನು ಪ್ರಕಾಶಕರು ನಿಲ್ಲಿಸಿದ ಮೇಲೆ, ೨೦೦೮ರಲ್ಲಿ ಹೀಗೆ ಅದು ಓದುಗರಿಗೆ ಮತ್ತೆ ದೊರೆಯಿತು. ೨೦೦೫ರಲ್ಲಿ ಆರಂಭವಾದ ಪೋರ್ಟಿಕೋ ಎಂಬ ಇನ್ನೊಂದು ಸಂಸ್ಥೆಯು ಅರ್ಥನಾಶದ ಕಡೆಗೆ ವಿಶೇಷವಾಗಿ ಗಮನವಿಟ್ಟು, ಕಡತಗಳ ರೂಪವು ಹಳತಾದಾಗ ಹೊಸ ರೂಪಕ್ಕೆ ಪರಿವರ್ತಿಸುವ ಹೊಣೆಯನ್ನು ಹೊತ್ತಿದೆ; ಹಳಗನ್ನಡ ಲಿಪಿಯ ಗ್ರಂಥವನ್ನು ಹೊಸ ಲಿಪಿಗೆ ಎತ್ತಿಕೊಳ್ಳುವಂತಹ ಕೆಲಸವಿದು. ದೀರ್ಘಕಾಲ ಇಡತಕ್ಕ ಪಿಡಿಎಫ್ ಕಡತಗಳಿಗೆ ಪಿಡಿಎಫ್-ಎ ಎಂಬ ಅಂತರರಾಷ್ಟ್ರೀಯ ನಿಯಮವು ೨೦೦೫ರಲ್ಲಿಯೇ ಏರ್ಪಟ್ಟಿದೆ. ಫಾಂಟು ಮೊದಲಾದ ಎಲ್ಲ ಸಾಮಗ್ರಿಯೂ ಕಡತದೊಳಗೇ ಇರತಕ್ಕದ್ದು, ಹೊರಗಿನ ಯಾವುದನ್ನೂ ಅವಲಂಬಿಸತಕ್ಕದ್ದಲ್ಲ ಎಂಬುದು ಅದರ ಸಾರ.

ಯಾವ ಪತ್ರಿಕೆಯ ಯಾವ ಸಂಪುಟವು ಯಾವ ಭಂಡಾರದಲ್ಲಿದೆಯೆಂದು ತೋರಿಸುವ ಕೀಪರ್ಸ್ ರಿಜಿಸ್ಟ್ರಿ ಎಂಬ ಸೂಚಿಯೂ ಉಂಟು. ಮೊದಲು ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿದ್ದ ಇದನ್ನು ೨೦೧೯ರ ಕೊನೆಯಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಐಎಸ್‌ಎಸ್‌ಎನ್ ಕೇಂದ್ರವು ವಹಿಸಿಕೊಂಡಿತು. ತನ್ನ ಲೇಖನ ಬಂದ ಪತ್ರಿಕೆ ಕ್ಷೇಮವಾಗಿದೆಯೆ ಎಂದು ತಿಳಿಯಬಯಸುವ ವಿದ್ವಾಂಸನು ಇದನ್ನು ನೋಡಬಹುದು.

೫. ಇಂದಿನ ಸ್ಥಿತಿ

ಉಪಾಯಗಳಿವೆ, ಅವು ಎಷ್ಟರಮಟ್ಟಿಗೆ ನಡೆಯುತ್ತಿವೆ? ಮಾರ್ಟಿನ್ ಪಾಲ್ ಈವ್ ಎಂಬ ವಿದ್ವಾಂಸರು ೨೦೨೪ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಡಿಒಐ ಉಳ್ಳ ೭೪,೩೮,೦೩೭ ಕೃತಿಗಳನ್ನು ತೆಗೆದುಕೊಂಡು, ಪ್ರಸಿದ್ಧವಾದ ಭಂಡಾರಗಳಲ್ಲಿ ಅವುಗಳ ಪ್ರತಿಯಿದೆಯೆ ಎಂದು ನೋಡಿದರು. ನೂರಕ್ಕೆ ಸುಮಾರು ೫೮ರಷ್ಟು ಕೃತಿಗಳು ಒಂದು ಭಂಡಾರದಲ್ಲಾದರೂ ದೊರೆತುವು. ನೂರಕ್ಕೆ ಸುಮಾರು ೨೮ರಷ್ಟು, ಎಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕೃತಿಗಳು ಯಾವ ಭಂಡಾರದಲ್ಲಿಯೂ ಇದ್ದಂತೆ ಕಾಣಲಿಲ್ಲ. ಉಳಿದುವು ತೀರ ಈಚಿನವಾದುದರಿಂದಲೊ ಬೇರೆ ಕಾರಣಗಳಿಂದಲೊ ಲೆಕ್ಕಕ್ಕೆ ಬರಲಿಲ್ಲ. ತಮ್ಮ ಪ್ರಕಟಣೆಗಳ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಮೂರು ಅಥವಾ ಹೆಚ್ಚು ಭಂಡಾರಗಳಲ್ಲಿ ಇರಿಸಿದ ಪ್ರಕಾಶಕರು ನೂರಕ್ಕೆ ಒಬ್ಬರಿಗಿಂತಲೂ ಕಡಮೆ.

ಭಂಡಾರಗಳಲ್ಲಿ ಕಾಣದಿರುವ ಲೇಖನಗಳೆಲ್ಲ ಈಗಾಗಲೇ ನಾಶವಾಗಿವೆಯೆಂದು ಇದರ ಅರ್ಥವಲ್ಲ. ಬಹುಪಾಲು ಇಂದಿಗೂ ತಮ್ಮ ತಮ್ಮ ಜಾಲತಾಣಗಳಲ್ಲಿ ದೊರೆಯಬಹುದು. ಆದರೆ ಅವುಗಳ ಆಯುಸ್ಸು ಆಯಾ ಜಾಲತಾಣದ ಆಯುಸ್ಸೇ ಹೊರತು ಬೇರೆಯಲ್ಲ. ಅಪಾಯವು ಸಣ್ಣ ಪ್ರಕಾಶಕರಲ್ಲಿಯೇ ಹೆಚ್ಚೆಂಬುದು ಸ್ವಾಭಾವಿಕ. ದೊಡ್ಡ ಪ್ರಕಾಶಕರು ಭಂಡಾರಗಳಿಗೆ ಶುಲ್ಕ ತೆರಬಲ್ಲರು. ಕಡತಗಳನ್ನು ಹೇಳಿದ ರೂಪದಲ್ಲಿ ಒಪ್ಪಿಸುವ ನೌಕರರೂ ಅವರಲ್ಲಿರುತ್ತಾರೆ. ಲೇಖಕರಿಂದಲೂ ಓದುಗರಿಂದಲೂ ಕಾಸು ತೆಗೆದುಕೊಳ್ಳದೆ ನಡೆಸುವ ಪತ್ರಿಕೆಗೆ ಇವೆರಡೂ ಇರುವುದಿಲ್ಲ. ಮುಕ್ತಪ್ರವೇಶದ ಆದರ್ಶವನ್ನು ಪೂರ್ಣವಾಗಿ ಆಚರಿಸತಕ್ಕ ಪತ್ರಿಕೆಯೇ ಅಳಿವಿಗೆ ಅತ್ಯಂತ ಸಮೀಪವಾಗಿರುವುದು ಶೋಚನೀಯವಾದ ಸಂಗತಿ.

ಕಾಯಿದೆಯ ಆಶ್ರಯವೂ ಎಲ್ಲೆಡೆ ಒಂದೇ ತೆರನಾಗಿಲ್ಲ. ಬ್ರಿಟನ್ನಿನಲ್ಲಿ ಅಚ್ಚಾಗದ ಕೃತಿಗಳನ್ನೂ ಗ್ರಂಥಭಂಡಾರಗಳು ಸಂಗ್ರಹಿಸುವುದಕ್ಕೆ ೨೦೧೩ರಲ್ಲಿ ನಿಯಮಗಳು ಜಾರಿಗೆ ಬಂದುವು. ಪ್ರಕಟವಾದ ಗ್ರಂಥಗಳನ್ನು ಸಾರ್ವಜನಿಕ ಗ್ರಂಥಭಂಡಾರಗಳಿಗೆ 'ಒಪ್ಪಿಸಬೇಕೆಂಬ ಭಾರತದ ೧೯೫೪ರ ಕಾಯಿದೆಯು ಅಚ್ಚಿನ ಕೃತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದುದು.

ಸಮಾಧಾನಕರವಾದ ಕೆಲವು ಪ್ರಯತ್ನಗಳೂ ಇಲ್ಲದೆ ಇಲ್ಲ. ೧೯೯೮ರಲ್ಲಿ ಕೆನಡಾದಲ್ಲಿ ಆರಂಭವಾದ ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟ್ ಎಂಬ ಸಂಸ್ಥೆಯು, ತಾನು ಉಚಿತವಾಗಿ ಹಂಚುವ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶವನ್ನು ಬಳಸುವ ಪತ್ರಿಕೆಗಳಿಗಾಗಿ, ಲಾಕ್ಸಿನ ತಂತ್ರವನ್ನೇ ಅನುಸರಿಸಿ ಶುಲ್ಕವಿಲ್ಲದ ರಕ್ಷಣಜಾಲವನ್ನು ಏರ್ಪಡಿಸಿದೆ. ೨೦೦೩ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಡಿಒಎಜೆ ಎಂಬ ಮುಕ್ತಪ್ರವೇಶ ಪತ್ರಿಕೆಗಳ ಸೂಚಿಯು, ಕ್ಲಾಕ್ಸ್, ಇಂಟರ್ನೆಟ್ ಆರ್ಕೈವ್ ಮೊದಲಾದವುಗಳೊಡನೆ ಕೂಡಿ, ಲೇಖಕರಿಂದ ಶುಲ್ಕ ತೆಗೆದುಕೊಳ್ಳದ ಪತ್ರಿಕೆಗಳ ರಕ್ಷಣೆಗಾಗಿ ೨೦೨೦ರಲ್ಲಿ ಜಾಸ್ಪರ್ ಎಂಬ ಯೋಜನೆಯನ್ನು ಕೈಗೊಂಡಿತು.

೬. ಆಕ್ಷೇಪಗಳೂ ಸಮಾಧಾನಗಳೂ

ಇಷ್ಟು ಹೇಳಿದ ಮೇಲೂ ಕೆಲವು ಆಕ್ಷೇಪಗಳು ಬರಬಹುದು. ಇಂಟರ್ನೆಟ್ ಆರ್ಕೈವ್ ೧೯೯೬ರಿಂದಲೂ ಜಾಲಪುಟಗಳನ್ನು ಸಂಗ್ರಹಿಸುತ್ತಿರುವಾಗ ಬೇರೆ ಪ್ರಯತ್ನವೇಕೆ ಎಂಬುದು ಮೊದಲನೆಯದು. ಆ ಸಂಸ್ಥೆಯ ಉಪಕಾರ ದೊಡ್ಡದು. ಅಳಿದ ಪತ್ರಿಕೆಗಳ ಗುರುತು ಎಷ್ಟೋ ಸಲ ಅಲ್ಲಿಯೇ ಸಿಕ್ಕಿದೆ. ಆದರೆ ಅದರ ಯಂತ್ರಗಳು ಜಾಲದಲ್ಲಿ ಸಂಚರಿಸುತ್ತ ಸಿಕ್ಕಿದುದನ್ನು ಆಯುತ್ತವೆ. ಪ್ರತಿಯೊಂದು ಸಂಚಿಕೆಯ ಪ್ರತಿಯೊಂದು ಲೇಖನವೂ ಬಂದಿತೆಂಬ ಭರವಸೆಯಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ದಾಳಿಗೆ ಒಳಗಾಗಿ ಆ ಸಂಸ್ಥೆಯ ಜಾಲತಾಣವೇ ಕೆಲವು ದಿನ ನಿಂತುಹೋಗಿತ್ತು. ಎಷ್ಟೇ ಉತ್ತಮವಾದರೂ ಒಂದು ಭಂಡಾರವು ಒಂದೇ ಸಾಕ್ಷಿ.

ಲೇಖನವನ್ನು ಕಾಗದದ ಮೇಲೆ ಅಚ್ಚುಹಾಕಿ ಇಟ್ಟರೆ ಸಾಲದೆ ಎಂಬುದು ಎರಡನೆಯದು. ಇದನ್ನು ನಗೆಯಾಡಿ ತಳ್ಳತಕ್ಕದ್ದಲ್ಲ. ಅಕ್ಷರ ಮಾತ್ರವೇ ಇರುವ ಸಾಹಿತ್ಯಲೇಖನಗಳನ್ನು ಒಳ್ಳೆಯ ಕಾಗದದಲ್ಲಿ ಅಚ್ಚುಹಾಕಿ ಐದಾರು ಗ್ರಂಥಭಂಡಾರಗಳಿಗೆ ಕಳುಹಿಸುವುದು ಇಂದಿಗೂ ಉತ್ತಮವಾದ ರಕ್ಷಣೆಯೇ. ಆದರೆ ಧ್ವನಿಮುದ್ರಿಕೆ, ಚಲಚ್ಚಿತ್ರ, ಅಂಕಿಅಂಶಗಳ ಕೋಷ್ಟಕ ಮೊದಲಾದವು ಜೊತೆಗಿದ್ದರೆ ಕಾಗದ ಸಾಲದು. ದೂರದ ಓದುಗನಿಗೆ ಒದಗುವ ಸೌಲಭ್ಯವೂ ಪದಗಳನ್ನು ಹುಡುಕುವ ಸೌಕರ್ಯವೂ ಅದರಲ್ಲಿಲ್ಲ. ಕಾಗದವು ಇನ್ನೊಂದು ಸ್ವತಂತ್ರ ಪ್ರತಿಯಾಗಲಿ; ಏಕೈಕ ಪ್ರತಿಯಾಗುವುದು ಬೇಡ.

ಬರೆದುದೆಲ್ಲವನ್ನೂ ಉಳಿಸಬೇಕೆ, ಕಾಲವೇ ಜೊಳ್ಳನ್ನು ತೂರಿ ಕಾಳನ್ನು ಉಳಿಸುವುದಿಲ್ಲವೆ ಎಂಬುದು ಮೂರನೆಯ ಆಕ್ಷೇಪ. ಮೂರರಲ್ಲಿಯೂ ಇದೇ ಗಂಭೀರವಾದುದು. ಹಸ್ತಪ್ರತಿಗಳ ಕಾಲದಲ್ಲಿ ಒಂದು ಗ್ರಂಥವನ್ನು ಪ್ರತಿಮಾಡಿಸಿದವರು ಅದು ಬೇಕೆಂದು ತೀರ್ಮಾನಿಸಿಯೇ ಮಾಡಿಸಿದರು. ತಪ್ಪೋ ಸರಿಯೋ, ಆ ಆಯ್ಕೆಯ ಹಿಂದೆ ಒಂದು ವಿವೇಚನೆಯಿದ್ದಿತು. ಜಾಲತಾಣದ ಶುಲ್ಕ ಕಟ್ಟುವುದು ಮರೆತುಹೋಗಿ ಅಳಿದ ಪತ್ರಿಕೆಯಲ್ಲಿ ಯಾರ ವಿವೇಚನೆಯೂ ಇಲ್ಲ. ಅಲ್ಲಿ ಕಾಳೂ ಜೊಳ್ಳೂ ಒಟ್ಟಿಗೆ ಹೋಗುತ್ತವೆ. ಒಂದು ಗ್ರಾಮದ ವೀರಗಲ್ಲುಗಳ ಪಟ್ಟಿ, ಒಂದು ಉಪಭಾಷೆಯ ಪದಸಂಗ್ರಹ, ಒಂದು ಹಸ್ತಪ್ರತಿಯ ಪಾಠಾಂತರಗಳ ವಿವರ ಇವು ಪ್ರಕಟವಾದ ದಿನ ಹತ್ತು ಮಂದಿಗೂ ಬೇಡವಾಗಿದ್ದು, ಐವತ್ತು ವರ್ಷಗಳ ಮೇಲೆ ಒಬ್ಬ ಸಂಶೋಧಕನಿಗೆ ಸರ್ವಸ್ವವಾಗಬಹುದು. ಆ ವೇಳೆಗೆ ವೀರಗಲ್ಲೂ ಉಪಭಾಷೆಯೂ ಹಸ್ತಪ್ರತಿಯೂ ಇಲ್ಲವಾಗಿದ್ದರೆ ಲೇಖನವೇ ಮೂಲವಾಗಿ ನಿಲ್ಲುತ್ತದೆ.

೭. ಸಣ್ಣ ಪತ್ರಿಕೆಗಳ ಕರ್ತವ್ಯ

ಮೇಲಣ ವಿಚಾರದಿಂದ ಸಂಘಸಂಸ್ಥೆಗಳೂ ಕಾಲೇಜುಗಳೂ ನಡೆಸುವ ಪತ್ರಿಕೆಗಳಿಗೆ ಕೆಲವು ಕರ್ತವ್ಯಗಳು ಸಿದ್ಧಿಸುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹಣಕ್ಕಿಂತ ಶ್ರದ್ಧೆಯೇ ಬೇಕಾದುದು.

ಪತ್ರಿಕೆಗೆ ಐಎಸ್‌ಎಸ್‌ಎನ್ ಸಂಖ್ಯೆಯನ್ನು ಪಡೆದಿರಬೇಕು. ಅದಿಲ್ಲದೆ ಮೇಲೆ ಹೇಳಿದ ಸೂಚಿಗಳಲ್ಲಿ ಪತ್ರಿಕೆ ಸೇರುವುದು ಕಷ್ಟ. ಪ್ರತಿಯೊಂದು ಲೇಖನದಲ್ಲಿಯೂ ಪ್ರತಿಮಾಡುವುದಕ್ಕೆ ಅನುಮತಿಯಿದೆಯೆಂದು ಸ್ಪಷ್ಟವಾಗಿ ಬರೆದಿರಬೇಕು. ಓದುವುದಕ್ಕೆ ಉಚಿತವೆಂದ ಮಾತ್ರಕ್ಕೆ ಇತರರು ಪ್ರತಿಯಿಟ್ಟು ಕಾಪಾಡುವ ಹಕ್ಕು ಬರುವುದಿಲ್ಲ. ಅನುಮತಿಯ ಒಂದು ಸಾಲು ಇಲ್ಲದುದರಿಂದ ಕಾಯಲು ಸಿದ್ಧರಾದವರ ಕೈಯೂ ಕಟ್ಟಿಹೋಗುತ್ತದೆ. ಕನ್ನಡದ ಪತ್ರಿಕೆಯಾದರೆ ಲೇಖನವನ್ನು ಯೂನಿಕೋಡಿನಲ್ಲಿಯೇ ಸಿದ್ಧಪಡಿಸಿ, ಪಿಡಿಎಫ್-ಎ ರೂಪದಲ್ಲಿ ಇಡಬೇಕು. ಹಳೆಯ ಫಾಂಟುಗಳಲ್ಲಿರುವ ಹಿಂದಿನ ಸಂಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವೊತ್ತೂ ಕೆಡದಿರುವುದನ್ನು ಕನ್ನಡ ಬಲ್ಲವರಿಂದ ಓದಿಸಿ ತಿದ್ದಿಸಬೇಕು. ಆ ಫಾಂಟುಗಳನ್ನು ಬಲ್ಲವರು ಇರುವಾಗಲೇ ಈ ಕೆಲಸ ಆಗತಕ್ಕದ್ದು. ಪರಸ್ಪರ ಸಂಬಂಧವಿಲ್ಲದ ಎರಡು ಮೂರು ಭಂಡಾರಗಳಲ್ಲಿಯಾದರೂ ಪ್ರತಿಗಳನ್ನು ಸೇರಿಸಿ, ಸೇರಿವೆಯೆ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

ಇವೆಲ್ಲಕ್ಕಿಂತಲೂ ಮುಖ್ಯವಾದುದು ಉತ್ತರಾಧಿಕಾರದ ನಿರ್ಣಯ. ಪತ್ರಿಕೆ ನಿಂತುಹೋದರೆ ಅದರ ಜಾಲತಾಣದ ಹೆಸರು, ಕಡತಗಳು, ಡಿಒಐ ದಾಖಲೆಗಳು ಯಾರ ವಶಕ್ಕೆ ಹೋಗತಕ್ಕದ್ದೆಂಬುದನ್ನು ಪತ್ರಿಕೆ ಬದುಕಿರುವಾಗಲೇ ನಿಬಂಧನೆಗಳಲ್ಲಿ ಬರೆದಿಡಬೇಕು. ಸಂಪಾದಕರು ಬದಲಾದಾಗ ಹೊಸಬರು ವಹಿಸಿಕೊಳ್ಳುವ ಪಟ್ಟಿಯಲ್ಲಿ ಲೇಖನಗಳ ಕಟ್ಟಿನ ಜೊತೆಗೆ ಇವೂ ಸೇರಿರಬೇಕು. ಅಧ್ಯಾಪಕರಾದವರು ತಮ್ಮ ವಿದ್ಯಾರ್ಥಿಗಳಿಗೆ ಆಕರಗಳನ್ನು ಉಲ್ಲೇಖಿಸುವ ಕ್ರಮವನ್ನು ಕಲಿಸುವಾಗ, ಆಕರವು ಎಲ್ಲಿ ಸುರಕ್ಷಿತವಾಗಿದೆಯೆಂದು ವಿಚಾರಿಸುವ ಅಭ್ಯಾಸವನ್ನೂ ಕಲಿಸುವುದು ಯುಕ್ತ.

ಡಿಜಿಟಲ್ ರಕ್ಷಣೆಯನ್ನು ಯಂತ್ರಜ್ಞರ ಕೆಲಸವೆಂದು ವಿದ್ವಾಂಸರು ಬಿಟ್ಟುಬಿಡುವುದು ವಾಡಿಕೆಯಾಗಿದೆ. ಯಂತ್ರಜ್ಞರು ಉಪಾಯಗಳನ್ನು ಒದಗಿಸಿದ್ದಾರೆ. ಅವುಗಳಲ್ಲಿ ಕೆಲವು ಉಚಿತವಾಗಿಯೂ ಇವೆ. ಒದಗದೆ ಇರುವುದು ಹೊಣೆಯನ್ನು ಹೊರುವ ಕೈ. ಪ್ರತಿಯೊಂದು ಸಂಘವೂ ತನ್ನ ಮುಂದಿನ ವಾರ್ಷಿಕ ಸಭೆಯಲ್ಲಿ ಈ ಹೊಣೆಯನ್ನು ಹೆಸರು ಹೇಳಿ ಒಬ್ಬ ಸದಸ್ಯರಿಗೆ ಒಪ್ಪಿಸಿ, ಅವರ ತರುವಾಯ ಯಾರೆಂಬುದನ್ನೂ ಅದೇ ನಿರ್ಣಯದಲ್ಲಿ ಬರೆದರೆ, ಪತ್ರಿಕೆಗಳ ರಕ್ಷಣೆಯಲ್ಲಿ ಅರ್ಧದಷ್ಟು ಕಾರ್ಯ ನಡೆದಂತಾಗುವುದು.